ರಥಸಪ್ತಮಿಯ ಬಿಸಿಲು

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮಮ್ಮನಿಗೆ ಮಾತ್ರ ನನ್ನ ಮುಖ ಯಾವತ್ತೂ ಮುದ್ದಾಗಿ ಕಾಣಲಿಲ್ಲ ಎಂದೇ ಬಹಳ ಕಾಲ ನಂಬಿದ್ದೆ. ಹದಿನಾಲ್ಕಕ್ಕೆ ಶುರುವಾದ ಮೊಡವೆ ಇಪ್ಪತ್ತರ ಹೊತ್ತಿಗೆ ಹೋಯಿತು, ಗುಳಿಗಳನ್ನು ಬಿಟ್ಟು ಹೋಯಿತು. ಎರಡು ಕೆನ್ನೆಯೂ ಆಗತಾನೇ ಉಳಿಯಿಂದ ಕುಟ್ಟಿಸಿದ ರುಬ್ಬುವ ಕಲ್ಲಿನ ಹಾಗಿದ್ದವು. ಅಮ್ಮ ಬೆಳಿಗ್ಗೆ ಜಾಯಿಕಾಯಿ, ಸಂಜೆ ಗಂಧ ತೇಯ್ದು, ಹಾಲಿನಲ್ಲಿ ಕಲಸಿ, ಒಂದೊಂದೇ ಗುಳಿಗೆ ಬೆರಳ ತುದಿಯಿಂದ ತುಂಬುತ್ತಿದ್ದಳು. ಗೋಡೆಯ ಬಿರುಕಿಗೆ ಗಾರೆ ಮೆತ್ತುತ್ತಿದ್ದೀಯಾ ಎಂದು ರೇಗುತ್ತಿದ್ದೆ.

ಎಂಬತ್ತರ ದಶಕದ ಆರಂಭ. ಬನಶಂಕರಿಯ ನಮ್ಮ ಬಾಡಿಗೆ ಮನೆಗೆ ಜಯನಗರದಿಂದ ಹೆಣ್ಣು ನೋಡಲು ಬಂದರು. ಹುಡುಗನ ಸೋದರತ್ತೆ ನನ್ನನ್ನು ಕಿಟಕಿಯ ಹತ್ತಿರ ಕರೆದು, "ಸ್ವಲ್ಪ ಈ ಕಡೆ ತಿರುಗಮ್ಮ, ಬೆಳಕಿಗೆ," ಅಂದರು. ತಿರುಗಿದೆ. ಕೇಸರಿಬಾತ್ ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡು ಹೋದವರು, ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಜಾತಕ ಕೂಡಿದ ಮೇಲೆಯೇ ಅಲ್ಲವೇ ಅವರು ಬಂದದ್ದು!

ಆಮೇಲೆ ಅಪ್ಪ ನನ್ನನ್ನೂ ಅಮ್ಮನನ್ನೂ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸಣ್ಣ ಚಕ್ರ ತಿರುಗುವ ಯಂತ್ರದಿಂದ ಮೇಲಿನ ಚರ್ಮವನ್ನು ಉಜ್ಜಿ ತೆಗೆಯುವ ಚಿಕಿತ್ಸೆ. ಮರಗಟ್ಟಿಸಿದ್ದರೂ ಆ ಸದ್ದು ಹಲ್ಲಿನವರೆಗೆ ಇಳಿಯುತ್ತಿತ್ತು. ಮುಗಿದ ಮೇಲೆ ಡಾಕ್ಟರು ಅಮ್ಮನ ಕಡೆ ತಿರುಗಿ, "ಆರು ತಿಂಗಳು ಈ ಮುಖಕ್ಕೆ ಬಿಸಿಲು ಬೀಳಬಾರ್ದು. ನಾನು ಕೊಟ್ಟ ಮುಲಾಮು ಬಿಟ್ಟು ಬೇರೇನೂ ಸೋಕಿಸ್ಬೇಡಿ," ಅಂದರು. ಅಮ್ಮ ಶ್ರದ್ಧೆಯಿಂದ ತಲೆ ಆಡಿಸಿದಳು. ಮನೆಗೆ ಬಂದವಳೇ ತನ್ನ ಹಳೇ ಸೀರೆ ಹರಿದು ಕಿಟಕಿಗಳಿಗೆಲ್ಲ ಕಟ್ಟಿದಳು.

ಗಾಯದ ಹಕ್ಕಳೆ ಉದುರಿತು. ಕೆಳಗೆ ಎಳೆ ಮಗುವಿನಂಥ ಗುಲಾಬಿ ಚರ್ಮ, ಗುಳಿ ಮುಕ್ಕಾಲು ಪಾಲು ಮಾಯ. ಸಂತೋಷಕ್ಕೆ ಅಳು ಬಂತು. ಅಷ್ಟು ಸಾಕಿತ್ತು. ಆದರೆ ಎರಡು ತಿಂಗಳಿಗೆ ರಥಸಪ್ತಮಿ ಬಂತು.

ಆ ದಿನ ಎಕ್ಕದೆಲೆಯನ್ನು ತಲೆ, ಭುಜದ ಮೇಲಿಟ್ಟು ಸ್ನಾನ ಮಾಡಿ ಸೂರ್ಯನಿಗೆ ಅರ್ಘ್ಯ ಕೊಡುವುದು ನಮ್ಮಲ್ಲಿ ನಡೆದು ಬಂದದ್ದು. ಅಮ್ಮ ಕತ್ರಿಗುಪ್ಪೆ ಕಡೆಯ ಖಾಲಿ ಸೈಟಿನಿಂದ ಎಲೆ ಕಿತ್ತು ತಂದಿದ್ದಳು.

"ಚರ್ಮದ ಕಾಯಿಲೆ ವಾಸಿಮಾಡೋನೇ ಸೂರ್ಯ ಕಣೇ. ಅವನಿಗೇ ಮುಖ ಮುಚ್ಕೊಂಡು ಕೂತ್ರೆ ಒಳ್ಳೇದಾಗುತ್ತಾ? ಹೇಳು, ಬೇಡ ಅಂದ್ರೆ ಬೇಡ."

"ಡಾಕ್ಟ್ರಿಗೆ ಹೇಳ್ಬೇಡ ಮತ್ತೆ," ಅಂದೆ. ಉಳಿದ ಕಾಲು ಪಾಲು ಗುಳಿಯೂ ಹೋಗಲಿ ಎಂಬ ದುರಾಸೆ ನನಗೇ ಇತ್ತು. ಅಮ್ಮ ಎಲೆಯ ಹಾಲನ್ನು ಸೆರಗಿನಿಂದ ಒರೆಸಿ, ಕೆನ್ನೆಗೂ ಒಂದೊಂದು ಎಲೆ ಇಟ್ಟು ನೀರು ಹೊಯ್ದಳು. ತಾರಸಿಯಲ್ಲಿ ಸೂರ್ಯನಿಗೆ ಎದುರಾಗಿ ನಿಲ್ಲಿಸಿ ಹನ್ನೆರಡು ನಮಸ್ಕಾರ ಮಾಡಿಸಿದಳು.

ಸಂಜೆಗೆ ಕೆನ್ನೆ ಉರಿಯತೊಡಗಿತು. ವಾರದಲ್ಲಿ ಕಂದು, ಆಮೇಲೆ ಸುಟ್ಟ ದೋಸೆಯಂಥ ಕಪ್ಪು ತೇಪೆಗಳು.

"ಬಿಸಿಲಿಗೆ ಹೋಗಿದ್ರಾ? ಏನು ಹಚ್ಚಿದ್ರಿ?" ಮೂವರೂ ಮತ್ತೆ ಹೋದಾಗ ಡಾಕ್ಟರು ಗದರಿದರು.

"ನಾನು ಬೇಡಬೇಡ ಅಂದೆ ಸಾರ್. ಅಮ್ಮನೇ ಬಲವಂತ ಮಾಡಿದ್ಲು."

ಅಮ್ಮ ನನ್ನನ್ನು ಒಂದು ಸಲ ನೋಡಿದಳು. "ಹೌದು ಸಾರ್, ನಂದೇ ತಪ್ಪು," ಅಂದಳು. ಅಪ್ಪ ದಾರಿಯುದ್ದಕ್ಕೂ ಅವಳನ್ನು ಬೈದರು. ನಾನು ಬಾಯಿ ಬಿಡಲಿಲ್ಲ. ಮನೆಗೆ ಬಂದ ಮೇಲೆ ಬಿಟ್ಟೆ: "ಇನ್ಮೇಲೆ ನನ್ನ ಮುಖ ಮುಟ್ಟಬೇಡ ನೀನು."

ಮುಟ್ಟಲಿಲ್ಲ. ಹಬ್ಬದ ಎಣ್ಣೆಸ್ನಾನಕ್ಕೆ ನೆತ್ತಿಗೆ, ಬೆನ್ನಿಗೆ ತಿಕ್ಕಿ, ಹಣೆಯ ಹತ್ತಿರ ಕೈ ನಿಲ್ಲಿಸಿ, "ಮುಖಕ್ಕೆ ನೀನೇ ಹಚ್ಕೋ," ಎಂದು ಬಟ್ಟಲು ಕೊಡುತ್ತಿದ್ದಳು. ಕಪ್ಪು ಎರಡು ವರ್ಷದಲ್ಲಿ ತಿಳಿಯಾಯಿತು. ಮದುವೆಯೂ ಆಯಿತು, ಗಂಡ ಮುಖದ ಬಗ್ಗೆ ಒಂದು ದಿನವೂ ಎತ್ತಿದವರಲ್ಲ. ಕೋಪ ಎಂದೋ ಇಳಿದಿತ್ತು. ಆದರೆ ನಾನೂ ಒಪ್ಪಿದ್ದೆ ಎಂಬ ಒಂದು ಮಾತನ್ನು ಹೇಳಲು ನನಗೆ ನಾಲಿಗೆಯೇ ಏಳಲಿಲ್ಲ. ಮೊಂಡು ನನ್ನದು.

ದಶಕದ ಕೊನೆಗೆ ಅಮ್ಮನ ಹೃದಯ ಸೋತಿತು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸಲು ಬಗ್ಗಿದೆ. ಅವಳ ಕೈ ಮೆಲ್ಲಗೆ ಎದ್ದು ನನ್ನ ಕೆನ್ನೆಯ ಹತ್ತಿರ ಬಂತು. ಅಭ್ಯಾಸಬಲ, ಮುಖ ಹಿಂದಕ್ಕೆಳೆದುಕೊಂಡೆ.

"ಅಯ್ಯೋ, ಮರ್ತೇಬಿಟ್ಟೆ ಕಣೇ," ಅಂದಳು ಅಮ್ಮ. ಕೈಯನ್ನು ಹೊದಿಕೆಯೊಳಗೆ ಇಟ್ಟುಕೊಂಡಳು.

ಆ ಕೈಯನ್ನು ಹೊರಗೆ ತೆಗೆದು ಕೆನ್ನೆಗೆ ಒತ್ತಿಕೊಳ್ಳಬೇಕಿತ್ತು. ಸುಳ್ಳು ಹೇಳಿದವಳು ನಾನು, ನಿನ್ನದೇನೂ ತಪ್ಪಿಲ್ಲ ಅನ್ನಬೇಕಿತ್ತು. ಅಷ್ಟರಲ್ಲಿ ನರ್ಸ್ ಬಂದಳು, ಎದ್ದು ದಾರಿ ಬಿಟ್ಟೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ಮಾರನೆಯ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಮ್ಮನ ಮುಖದ ಮೇಲೆ ಬಟ್ಟೆ ಎಳೆದಿದ್ದರು.