ಕೋಡು ಮುರಿದ ಎಮ್ಮೆಯ ಸಾಕ್ಷಿ

ವಕೀಲರೊಬ್ಬರ ಹತ್ತಿರ ನಾನು ಗುಮಾಸ್ತನಾಗಿದ್ದಾಗಿನ ಮಾತು. ಹತ್ತರಗಿಯ ಒಂದು ಮನೆತನದ ವಂಶಾವಳಿ ಬರೆದು ಮರುದಿನ ಹುಕ್ಕೇರಿ ಕೋರ್ಟಿಗೆ ಕೊಡಬೇಕಿತ್ತು. ಆ ಮನೆಯಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರೇ. ನಿಂಗಪ್ಪನ ಮಗ ಬಸಪ್ಪ, ಬಸಪ್ಪನ ಮಗ ಮತ್ತೆ ನಿಂಗಪ್ಪ, ಹೀಗೇ ಐದು ತಲೆಮಾರು. ಕೈಯಲ್ಲಿದ್ದ ಹಳೇ ಮೃತ್ಯುಪತ್ರ, ಅಂದರೆ ಉಯಿಲು, ಯಾವ ನಿಂಗಪ್ಪನದು? ತಾರೀಖನ್ನು ಗೆದ್ದಲು ತಿಂದಿತ್ತು.

ಮನೆಯ ಮುದುಕಿಯನ್ನೇ ಕೇಳಿದೆ. "ಆಯಿ, ಇದು ನಿಮ್ಮ ಮಾವ ನಿಂಗಪ್ಪನವರ ಪತ್ರ ಏನ್ರಿ?"

ಹೆಸರು ಕಿವಿಗೆ ಬಿದ್ದದ್ದೇ ತಡ, ಆಯಿ ತಲೆಯ ಮೇಲೆ ಸೆರಗು ಎಳೆದುಕೊಂಡರು. ಮಾವನ ಹೆಸರಿಗೆ ಹೌದು ಅನ್ನಲೂ ಒಲ್ಲರು. ನನಗೆ ರೇಗಿತು. ಪತ್ರವನ್ನೇ ಜೋರಾಗಿ ಓದತೊಡಗಿದೆ. "ಕೋಡು ಮುರಿದ ಎಮ್ಮೆ ಸೊಸೆಗೆ" ಅನ್ನುತ್ತಿದ್ದಂತೆ ಸೆರಗು ಜಾರಿತು.

"ಆ ಎಮ್ಮಿ ನಾನ ಹಿಂಡೇನ್ರಿ! ಬ್ಯಾರೇದವರು ಹೋದ್ರ ಒದೀತಿತ್ತು."

ಉಸ್ಸಪ್ಪಾ, ಪತ್ರ ಈಕೆಯ ಮಾವನದೇ ಅಂದುಕೊಂಡೆ. ಅಲ್ಲೇ ಕುಳಿತು ವಂಶಾವಳಿ ಬರೆದು ಮುಗಿಸಿದೆ. ಅಷ್ಟರಲ್ಲಿ ಮೀಸೆ ನರೆತ ಮಗ ಚಹಾ ತಂದ. ಅವನೂ ನಿಂಗಪ್ಪನೇ.

"ಇವರನ್ನ ಏನಂತ ಕರೀತೀರಿ ಆಯಿ?"

"ಮಾವನವರ ಹೆಸರಲ್ರಿ, ಹೆಂಗ ಕರೀಲಿ? ತಮ್ಮಾ ಅಂತೇನಿ."

ನಾನು ಮೂರು ದಿನ ತಲೆ ಕೆಡಿಸಿಕೊಂಡ ಹೆಸರನ್ನು ಆಕೆ ಹೆತ್ತ ಮಗನನ್ನು ಕರೆಯಲೂ ಒಮ್ಮೆಯೂ ಬಾಯಿಗೆ ತಂದಿರಲಿಲ್ಲ. ನಾನು ಬರೆದ ವಂಶಾವಳಿಯಲ್ಲಿ ಮಾತ್ರ 'ತಮ್ಮ' ಅನ್ನುವವನೇ ಇರಲಿಲ್ಲ.