ಊರಿಗೆ ಆಟ ಆರಿಸುತ್ತಿದ್ದ ವರ್ನರ್

ನಮ್ಮ ಐರನ್ ಬೇಯಲ್ಲಿ ದೇವರನ್ನು ನಂಬದವರು ಸಿಗುತ್ತಾರೆ. ಆದರೆ ಭಾನುವಾರ ಟಿವಿಯಲ್ಲಿ ಬೇಡದ ಆಟ ಬಂದರೆ ಅದು ವರ್ನರ್ ಹೌಟಲನ ಕಿತಾಪತಿ ಎಂಬುದನ್ನು ನಂಬದವರು ಒಬ್ಬರೂ ಸಿಗುತ್ತಿರಲಿಲ್ಲ. ನಾನು ಡೊರೀನ್, ಆ ಟಿವಿ ಸ್ಟೇಷನ್ನಿನಲ್ಲಿ ಫೋನ್ ಎತ್ತುತ್ತಿದ್ದವಳು. ಅವನಿಗೆ ಸಲ್ಲಬೇಕಾದ ಬೈಗುಳವೆಲ್ಲ ಮೊದಲು ನನ್ನ ಕಿವಿ ಹೊಕ್ಕೇ ಮುಂದೆ ಹೋಗುತ್ತಿತ್ತು. ಹಾಗಾಗಿ ಅವನ ಕತೆ ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ವರ್ನರ್ ಸ್ಟೇಷನ್ನಿಗೆ ಸೇರಿದ್ದು ಟವರ್ ಹತ್ತಿ ಮಂಜುಗಡ್ಡೆ ಕುಟ್ಟಿ ಬೀಳಿಸುವ ಕೆಲಸಕ್ಕೆ. ಮಂಡಿ ಕೈಕೊಟ್ಟ ಮೇಲೆ ಮಾಲೀಕರು ಅವನನ್ನು ಒಳಗೆ ಕೂರಿಸಿದರು. ಆಮೇಲೆ ಕಾರ್ಯಕ್ರಮ ನೋಡಿಕೊಳ್ಳುವ ಮ್ಯಾನೇಜರು ಊರಿನ ಜನರ ಕಾಟ ತಡೆಯಲಾರದೆ ಫ್ಲೋರಿಡಾಕ್ಕೆ ಓಡಿಹೋದ. ಆ ಕುರ್ಚಿಗೆ ಬೇರೆ ಯಾರೂ ಆಸೆಪಡಲಿಲ್ಲವಾದ್ದರಿಂದ ಅದು ವರ್ನರನಿಗೆ ಬಡ್ತಿಯಾಗಿ ಸಿಕ್ಕಿತು. ಅವನಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ, ಇಷ್ಟವೂ ಇರಲಿಲ್ಲ. ಕಾಲಿಗಿಂತ ಕೈಯನ್ನೇ ಹೆಚ್ಚು ಬಳಸುವ ಆಟಕ್ಕೆ ಫುಟ್‌ಬಾಲ್ ಎಂದು ಹೆಸರಿಟ್ಟ ದೇಶ ನಮ್ಮದು. ಆಟವೇ ಗೊತ್ತಿಲ್ಲದವನ ಕೈಗೆ ಆಟ ಆರಿಸುವ ಕೆಲಸ ಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಅವನ ಜೀವ ಇದ್ದದ್ದು ಹಳೆಯ ಅಕಾರ್ಡಿಯನ್‌ಗಳಲ್ಲಿ. ಯಾರ ಅಟ್ಟದಲ್ಲಾದರೂ ಉಸಿರು ನಿಂತ ಅಕಾರ್ಡಿಯನ್ ಸಿಕ್ಕರೆ ತಂದು, ಅದರ ತಿದಿಗೆ ತೇಪೆ ಹಾಕಿ, ಮತ್ತೆ ಉಸಿರಾಡಿಸುತ್ತಿದ್ದ.

ಊರಿನ ಸಂಕಟವನ್ನು ಹೇಳಿಬಿಡುತ್ತೇನೆ. ನಾವಿರುವುದು ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಇರುವುದೂ ಅದೇ ರಾಜ್ಯದಲ್ಲಿ. ಆದರೆ ನಡುವೆ ಕೆರೆಯೆಂಬ ಹೆಸರಿನ ಸಮುದ್ರ, ಅದರ ಮೇಲೊಂದು ಸೇತುವೆ, ಒಂದು ಇಡೀ ಹಗಲಿನ ದಾರಿ. ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇಗಾದರೋ ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ತಲುಪಬಹುದು. ಹಾಗಾಗಿ ಊರಿನ ಮುಕ್ಕಾಲು ಪಾಲು ಗ್ರೀನ್ ಬೇ ತಂಡದ ಹಸಿರು ಟೋಪಿಯವರು. ಉಳಿದವರು ಡೆಟ್ರಾಯಿಟ್ಟಿನ ನೀಲಿ ಟೋಪಿಯವರು. ರಾಜ್ಯನಿಷ್ಠೆಯೋ ಹಟವೋ, ಅವರಿಗೇ ಸರಿಯಾಗಿ ತಿಳಿಯದು.

ಪ್ರತಿ ಸೋಮವಾರ, ನಮಗೆ ಆಟ ಒದಗಿಸುವ ನ್ಯೂಯಾರ್ಕಿನ ನೆಟ್‌ವರ್ಕಿನವರು ದೇಶದ ನಕ್ಷೆಯೊಂದನ್ನು ಕಳಿಸುತ್ತಿದ್ದರು. ಇಂಥ ಬಣ್ಣದ ಜಾಗಕ್ಕೆ ಇಂಥ ಆಟ ಎಂದು, ಅಜ್ಜನ ಆಸ್ತಿ ಪಾಲು ಮಾಡಿದ ಹಾಗೆ, ಗೆರೆ ಎಳೆದಿರುತ್ತಿದ್ದರು. ಬೇರೆ ಬೇಕಾದರೆ ಸ್ಟೇಷನ್ನಿನವರು ಎರಡು ದಿನದೊಳಗೆ ಕೇಳಿಕೊಳ್ಳಬಹುದು. ಎರಡು ತಂಡಗಳೂ ಒಂದೇ ಹೊತ್ತಿಗೆ ಆಡುವ ಭಾನುವಾರ ಒಂದನ್ನು ತೋರಿಸಿ ಇನ್ನೊಂದನ್ನು ನುಂಗಬೇಕು. ಆ ನುಂಗುವ ಕೆಲಸವೇ ವರ್ನರನದು.

ಮೊದಲ ವರ್ಷ ಅವನು ಬಹಳ ಯೋಚಿಸಿ, ‘ನಮ್ಮ ರಾಜ್ಯದ ತಂಡ ಅಲ್ವಾ’ ಎಂದು ಒಂದು ಭಾನುವಾರ ಡೆಟ್ರಾಯಿಟ್ ಕೇಳಿದ. ಮಾರನೆಯ ದಿನ ಯಾರೋ ಪುಣ್ಯಾತ್ಮರು ಅವನ ಕಾರಿನ ಸೀಟಿನ ಕೆಳಗೆ ಒಂದು ಬುಟ್ಟಿ ಮೀನು ಸುರಿದು ಹೋಗಿದ್ದರು. ಆ ಚಳಿಗೆ ಮೀನು ಕಲ್ಲಾಗಿತ್ತು, ಕಾರಿನ ಹೀಟರ್ ಹಾಕುವವರೆಗೆ ಅವನಿಗೆ ಗೊತ್ತೇ ಆಗಲಿಲ್ಲ. ಅಲ್ಲಿಂದಾಚೆಗೆ ಅವನು ಯೋಚಿಸುವುದನ್ನು ಬಿಟ್ಟ. ವರ್ಷಗಟ್ಟಲೆ ಐರನ್ ಬೇ ಗ್ರೀನ್ ಬೇಯನ್ನೇ ನೋಡಿತು. ಆಡಳಿತ ಅಂದರೆ ಇದೇ ಎಂದು ಮಾಲೀಕರೂ ಮೆಚ್ಚಿಕೊಂಡರು.

ಇಷ್ಟಕ್ಕೂ ಅವನ ಮನೆಯಲ್ಲೇ ನೀಲಿ ಟೋಪಿಯೊಂದಿತ್ತು. ಅವನ ಹೆಂಡತಿ ಸಿಲ್ವಿ ನನ್ನ ಗೆಳತಿ. ಅವಳ ತಾಯಿ ಹಿಲ್ಯಾ ಅವರ ಜೊತೆಯಲ್ಲೇ ಇದ್ದಳು. ಈ ಹಿಲ್ಯಾ ಅಜ್ಜಿ ಹರೆಯದಲ್ಲಿ ಡೆಟ್ರಾಯಿಟ್ಟಿಗೆ ಹೋಗಿ ಕಾರು ಕಾರ್ಖಾನೆಯಲ್ಲಿ ಸೀಟು ಹೊಲಿದವಳು. ಅಲ್ಲಿ ಹಿಡಿದ ಚಾಳಿ ಮದುವೆಯಾಗಿ ಊರಿಗೆ ಮರಳಿದ ಮೇಲೂ ಬಿಡಲಿಲ್ಲ. ಡೆಟ್ರಾಯಿಟ್ ತಂಡ ಸೋಲುವುದನ್ನು ಒಂದು ಹುದ್ದೆಯಂತೆ ನಿಭಾಯಿಸಿಕೊಂಡು ಬಂದಿತ್ತು. ಅಜ್ಜಿಯ ನಿಷ್ಠೆಗೆ ಅದರಿಂದೇನೂ ಕುಂದಾಗಲಿಲ್ಲ. ಭಾನುವಾರ ಟಿವಿಯ ದನಿ ಅಡಗಿಸಿ, ಅಳಿಯನ ಕೃಪೆಯಿಂದ ಬಂದ ಗ್ರೀನ್ ಬೇಯನ್ನು ನೋಡುತ್ತ, ಪಕ್ಕದಲ್ಲಿ ರೇಡಿಯೋ ಇಟ್ಟುಕೊಂಡು ಡೆಟ್ರಾಯಿಟ್ಟನ್ನು ಕೇಳುತ್ತಿದ್ದಳು. ‘ಈ ಆಟ ಬೇಡ, ಆ ಆಟ ಹಾಕು’ ಎಂದು ಒಂದು ದಿನವೂ ಅಳಿಯನನ್ನು ಕೇಳಿದವಳಲ್ಲ. ಅವಳು ಕೇಳದೇ ಇದ್ದದ್ದೇ ಅವನನ್ನು ತಿನ್ನುತ್ತಿತ್ತು ಎಂದು ಸಿಲ್ವಿ ಹೇಳುತ್ತಿದ್ದಳು.

ಆಮೇಲೆ ಒಂದು ವರ್ಷ, ಯಾರಿಗೂ ಹೇಳದೆ ಕೇಳದೆ, ಡೆಟ್ರಾಯಿಟ್ ಗೆಲ್ಲತೊಡಗಿತು.

ಎಲ್ಲಿದ್ದರೋ ಏನೋ, ನೀಲಿ ಟೋಪಿಗಳು ಮಳೆ ಬಿದ್ದ ಮಾರನೆಯ ದಿನದ ಅಣಬೆಗಳಂತೆ ಎದ್ದವು. ‘ನಾನು ಚಿಕ್ಕಂದಿನಿಂದ ಡೆಟ್ರಾಯಿಟ್ಟೇ’ ಎನ್ನುವವರಲ್ಲಿ ಕೆಲವರು ಹಿಂದಿನ ಚಳಿಗಾಲದಲ್ಲಿ ಹಸಿರು ಟೋಪಿ ಹಾಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಡಿಸೆಂಬರಿನ ಒಂದು ಭಾನುವಾರ ಎರಡೂ ತಂಡಗಳು ಮಧ್ಯಾಹ್ನ ಒಂದೇ ಹೊತ್ತಿಗೆ ಆಡುವುದೆಂದು ಗೊತ್ತಾಯಿತು. ನಕ್ಷೆಯಲ್ಲಿ ನಮ್ಮೂರಿಗೆ ಎಂದಿನಂತೆ ಗ್ರೀನ್ ಬೇಯ ಬಣ್ಣ.

ಆ ವಾರ ವರ್ನರನಿಗೆ ಹಲ್ಲುನೋವು. ಊರಿಗಿರುವ ಒಬ್ಬನೇ ಹಲ್ಲಿನ ಡಾಕ್ಟರು ಬೆಲಾಂಜೆ. ಅವನ ಕಾಯುವ ಕೋಣೆಯ ಕುರ್ಚಿಗಳೂ ಹಸಿರು. ವರ್ನರನ ಬಾಯಿ ಅಗಲಿಸಿ, ಎರಡು ಸಲಕರಣೆ ತುರುಕಿದ ಮೇಲೆ ಡಾಕ್ಟರು ಮಾತು ತೆಗೆದ.

“ಭಾನುವಾರ ಯಾವುದಪ್ಪ ಹಾಕ್ತೀಯ?”

“ಆ... ಆ...”

“ಗ್ರೀನ್ ಬೇ ತಾನೇ? ಹೌದು ಅಂದ್ರೆ ಸುಮ್ನಿರು, ಇಲ್ಲ ಅಂದ್ರೆ ಬಾಯಿ ಬಿಟ್ಟು ಹೇಳು.”

ಇಷ್ಟು ಪ್ರಾಮಾಣಿಕವಾದ ಜನಾಭಿಪ್ರಾಯ ಸಂಗ್ರಹ ನಾನು ಬೇರೆಲ್ಲೂ ಕೇಳಿಲ್ಲ. ಮಾಂಸದಂಗಡಿಯವನು ಎಂದಿನ ತೂಕಕ್ಕೆ ಎಂದಿಗಿಂತ ಹೆಚ್ಚು ಮೂಳೆ ಹಾಕಿಕೊಟ್ಟ. ಚರ್ಚಿನ ಪಾಸ್ಟರು ಮಾತ್ರ ತಮಗೆ ಯಾವ ಪಕ್ಷವೂ ಇಲ್ಲ ಎಂದರು. ಆದರೆ ಕೈ ಕುಲುಕುವಾಗ ಅಂಗಿಯ ತೋಳಿನೊಳಗಿಂದ ನೀಲಿ ಇಣುಕುತ್ತಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಹಿಲ್ಯಾ ಅಜ್ಜಿ ಸೂಪು ಬಡಿಸುತ್ತ, ತೀರ ಮಾಮೂಲಿ ದನಿಯಲ್ಲಿ ಕೇಳಿದಳು: “ಅಳಿಯಂದ್ರೇ, ನನಗೀಗ ವಯಸ್ಸೆಷ್ಟು ಹೇಳಿ ನೋಡಣ.”

ಅವಳು ಅವನನ್ನು ಬಹುವಚನದಲ್ಲಿ ಕರೆದಳೆಂದರೆ ಏನೋ ಕಾದಿದೆ ಎಂದೇ ಅರ್ಥ.

“ಎಂಬತ್ತಾರು, ಅತ್ತೆ.”

“ಲೆಕ್ಕ ಚೆನ್ನಾಗಿ ಬರುತ್ತಲ್ಲ ನಿಮಗೆ. ಸೂಪು ಆರೋಗತ್ತೆ, ಕುಡೀರಿ.”

ಅಷ್ಟೇ. ವರ್ನರ್ ಸೂಪು ಕುಡಿದ. ಮಾರನೆಯ ದಿನ ನನ್ನ ಮೇಜಿನ ಮುಂದೆಯೇ ನಿಂತು ನ್ಯೂಯಾರ್ಕಿಗೆ ಫೋನು ಹಚ್ಚಿದ. ಆ ಕಡೆ ಪ್ರೆಸ್ಟನ್ ಎಂಬ ಹುಡುಗುದನಿಯ ಅಧಿಕಾರಿ. ಸ್ಪೀಕರಿನಲ್ಲಿ ಹಾಕಿದ್ದರಿಂದ ನಾನೂ ಕೇಳಿಸಿಕೊಂಡೆ.

“ಐರನ್ ಬೇ ಅಂದ್ರೆ ವಿಸ್ಕಾನ್ಸಿನ್ ಅಲ್ವಾ ಸಾರ್?”

“ಅಲ್ಲ. ಮಿಶಿಗನ್.”

“ಓ. ನಕ್ಷೇಲಿ ಅಂಟ್ಕೊಂಡಿರೋದು ವಿಸ್ಕಾನ್ಸಿನ್‌ಗೆ.”

“ಅಂಟಿಸಿದವರು ದೇವರು. ಅವರ ಹತ್ರ ಆಮೇಲೆ ಮಾತಾಡಣ. ಈ ವಾರ ನಮಗೆ ಡೆಟ್ರಾಯಿಟ್ ಕೊಡಿ.”

“ಕಾರಣ ಏನಂತ ಹಾಕ್ಲಿ ಸಾರ್?”

“ಸ್ಥಳೀಯ ಒತ್ತಾಯ ಅಂತ ಹಾಕಿ” ಎಂದ ವರ್ನರ್. ಸುಳ್ಳೇನಲ್ಲ. ಸ್ಥಳ ಅವನ ಮನೆಯ ಊಟದ ಮೇಜು, ಅಷ್ಟೇ.

ಸುದ್ದಿ ಹೊರಬಿದ್ದ ಮೇಲೆ ನನ್ನ ಫೋನಿಗೆ ಬಿಡುವಿಲ್ಲ. ಹೆಸರು ಹೇಳಲೊಪ್ಪದ ಒಬ್ಬರು, “ನಿಮ್ಮ ವರ್ನರ್ ಉಂಡ ಮನೆಗೆ ಎರಡು ಬಗೆಯೋನು ಕಣಮ್ಮ” ಎಂದರು. “ಅವರು ಉಣ್ಣೋದು ಮಿಶಿಗನ್ನಿನದೇ ಸ್ವಾಮಿ, ಅದಕ್ಕೇ ಅದನ್ನೇ ಹಾಕ್ತಿದಾರೆ” ಎಂದು ನಾನು ಫೋನಿಟ್ಟೆ. ದನಿ ಹಲ್ಲಿನ ಡಾಕ್ಟರದ್ದು.

ಭಾನುವಾರ ಬಂತು. ಸಿಲ್ವಿ ಹೇಳಿದ ಪ್ರಕಾರ ಅಜ್ಜಿ ಬೆಳಿಗ್ಗೆಯೇ ಕೂದಲು ಗುಂಗುರಾಗಲೆಂದು ಸುರುಳಿ ಕಟ್ಟಿಕೊಂಡು, ತಾನೇ ಹೆಣೆದ ನೀಲಿ ಸ್ವೆಟರ್ ಹಾಕಿಕೊಂಡು, ರೇಡಿಯೋವನ್ನು ಬಟ್ಟೆ ಮುಚ್ಚಿ ಕಪಾಟಿನಲ್ಲಿಟ್ಟಳು. ಇವತ್ತು ಅದರ ಹಂಗು ಬೇಡವಲ್ಲ. ಪ್ಯಾಸ್ಟಿ ಕಡುಬು ಬೇಯಿಸಿ, ನೆರೆಯ ಇಬ್ಬರು ಮುದುಕಿಯರನ್ನೂ ಕರೆದಿದ್ದಳು. ಆಟ ಶುರುವಾಯಿತು. ಡೆಟ್ರಾಯಿಟ್ ಎದುರಾಳಿಯನ್ನು ರೊಟ್ಟಿ ತಟ್ಟಿದ ಹಾಗೆ ತಟ್ಟಿತು. ಅರ್ಧ ಆಟ ಮುಗಿಯುವಷ್ಟರಲ್ಲಿ ಗೆಲುವು ಖಚಿತ. ಅಜ್ಜಿ ಕಡುಬು ಮುಟ್ಟದೆ ನೋಡುತ್ತಿದ್ದಳಂತೆ.

ಸ್ಟೇಷನ್ನಿನಲ್ಲಿ ನಾನು, ವರ್ನರ್, ಎಂಜಿನಿಯರ್ ಲೈಲ್ ಮೂವರೇ. ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಇದ್ದಕ್ಕಿದ್ದಂತೆ ಪರದೆಯ ಮೇಲೆ ತಾಳೆಮರ ಕಾಣಿಸಿತು. ನಮ್ಮ ಕಡೆ ತಾಳೆಮರ ಬೆಳೆಯುವುದಿಲ್ಲ, ಡೆಟ್ರಾಯಿಟ್ಟಿನಲ್ಲೂ ಇಲ್ಲ. ಎಲ್ಲೋ ದಕ್ಷಿಣದ ಬಿಸಿಲೂರಿನಲ್ಲಿ ಎರಡು ತಂಡಗಳು ಸಮಸಮ ಆಡುತ್ತಿದ್ದವು. ಅವುಗಳ ಹೆಸರು ಹೇಳಬಲ್ಲವರು ನಮ್ಮೂರಲ್ಲಿ ಹುಡುಕಿದರೂ ಸಿಕ್ಕುತ್ತಿರಲಿಲ್ಲ.

ವರ್ನರ್ ಪ್ರೆಸ್ಟನ್‌ಗೆ ಫೋನ್ ಮಾಡಿದ.

“ಡೆಟ್ರಾಯಿಟ್ ಆಟ ಒಂದು ಕಡೆಗೇ ಆಗ್ಬಿಟ್ಟಿತ್ತಲ್ಲ ಸಾರ್. ಅದಕ್ಕೇ ನಿಮ್ಮ ಭಾಗದ ವೀಕ್ಷಕರನ್ನ ರೋಚಕವಾದ ಆಟಕ್ಕೆ ಬದಲಾಯಿಸಿದ್ವಿ. ಡೆಟ್ರಾಯಿಟ್ ಸುತ್ತಮುತ್ತ ಮಾತ್ರ ಪೂರ್ತಿ ಬರುತ್ತೆ.”

“ರೋಚಕ ಬೇಕು ಅಂತ ಕೇಳಿದೋರು ಯಾರು?”

“ವೀಕ್ಷಕರು ಸಾರ್. ಸಮೀಕ್ಷೆಯಲ್ಲಿ.”

“ನಮ್ಮೂರಲ್ಲಿ ಯಾರನ್ನ ಸಮೀಕ್ಷೆ ಮಾಡಿದ್ರಿ?”

“ನಿಮ್ಮೂರು ಸ್ವಲ್ಪ ಚಿಕ್ಕದಲ್ವಾ ಸಾರ್, ಅದರಲ್ಲಿ ಸೇರಿರಲ್ಲ.”

ಅಷ್ಟರಲ್ಲಿ ನನ್ನ ಫೋನಿನ ದೀಪಗಳೆಲ್ಲ ಹೊತ್ತಿಕೊಂಡವು. ನೀಲಿಯವರು ಆಟ ಕಿತ್ತುಕೊಂಡರೆಂದು ಬೈದರು. ಹಸಿರಿನವರು, ಬದಲಾಯಿಸುವುದೇ ಆದರೆ ಗ್ರೀನ್ ಬೇ ಹಾಕಲು ಏನು ರೋಗ ಎಂದು ಬೈದರು. ಜನ್ಮದಲ್ಲಿ ಒಂದಾಗದ ಎರಡು ಪಂಗಡ ಒಂದೇ ಹೊತ್ತಿಗೆ ಒಂದೇ ಹೆಸರು ಹಿಡಿದು ಶಪಿಸಿದವು. ಊರಿನ ಒಗ್ಗಟ್ಟಿಗಾಗಿ ಮೇಯರು ಎಷ್ಟು ಭಾಷಣ ಮಾಡಿದ್ದರೂ ಆಗದ್ದು, ಎರಡು ತಾಳೆಮರದಿಂದ ಆಗಿಹೋಯಿತು.

ನಡುವೆ ಒಂದು ಕರೆ ಎತ್ತಿದಾಗ ಗುರುತಿನ ದನಿ.

“ಡೊರೀನ್, ನಮ್ಮ ಅಳಿಯಂದ್ರು ಇದಾರೇನಮ್ಮ?”

ಹಿಲ್ಯಾ ಅಜ್ಜಿ ಸ್ಟೇಷನ್ನಿಗೆ ಹಿಂದೆಂದೂ ಫೋನ್ ಮಾಡಿದವಳಲ್ಲ. ನಾನು ವರ್ನರನ ಕೈಗೆ ಕೊಟ್ಟೆ. ಅಜ್ಜಿಗೆ ಕಿವಿ ಮಂದ, ಹಾಗಾಗಿ ಅವಳು ಗಟ್ಟಿಯಾಗಿ ಮಾತಾಡಿದ್ದು ಎಂಜಿನಿಯರಿಗೂ ಕೇಳಿಸಿತು.

“ಅಳಿಯಂದ್ರೇ, ಅವರು ಸೋಲೋವಾಗ ಯಾವನೂ ಬಂದು ಮಧ್ಯದಲ್ಲಿ ನಿಲ್ಲಿಸ್ಲಿಲ್ಲ. ಕೊನೇ ನಿಮಿಷದ ತನಕ ಸೋಲನ್ನ ಕೇಳ್ಸಿದ್ರು. ಇವತ್ತು ಗೆಲ್ತಿದಾರೆ ಅಂತ ನಿಲ್ಲಿಸೋದಾ? ಇದೇನು ನ್ಯಾಯ?”

“ನಾನು ನಿಲ್ಲಿಸ್ಲಿಲ್ಲ ಅತ್ತೆ. ನ್ಯೂಯಾರ್ಕಿನವರು.”

“ಹಂಗಾದ್ರೆ ಅಲ್ಲಿ ಕೂತು ನೀವು ಮಾಡೋದೇನು?”

ಅವಳು ಸಿಟ್ಟಿನಿಂದ ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ವರ್ನರ್ ಫೋನನ್ನು ಇಟ್ಟು, ಮುಖ ಉಜ್ಜಿಕೊಂಡು, ಕಿಟಕಿಯ ಕಡೆ ತಿರುಗಿ ನಿಂತ. ಅವನ ಕಣ್ಣು ಒದ್ದೆಯಾದದ್ದು ಅಳುವಿಗೋ ಹಲ್ಲುನೋವಿಗೋ ಎಂದು ನಾನು ಕೇಳಲು ಹೋಗಲಿಲ್ಲ.

ಆಮೇಲೆ ಲೈಲನಿಗೆ ಹೇಳಿದ: “ಆ ತಾಳೆಮರ ತೆಗಿ.”

“ತೆಗೆದು ಏನ್ ಹಾಕ್ಲಿ? ಡೆಟ್ರಾಯಿಟ್ ನಮಗೆ ಬರ್ತಿಲ್ಲ.”

“ಬಂದರಿನ ಕ್ಯಾಮೆರಾ ಹಾಕು.”

ಹವಾಮಾನ ಹೇಳುವಾಗ ತೋರಿಸಲೆಂದು ಬಂದರಿನ ಕಂಬದ ಮೇಲೊಂದು ಕ್ಯಾಮೆರಾ ಇತ್ತು. ಲೈಲ್ ಗುಂಡಿ ಒತ್ತಿದ. ಊರಿನ ಟಿವಿಗಳಲ್ಲೆಲ್ಲ ಹಿಮ ಬೀಳುತ್ತಿರುವ ನಮ್ಮದೇ ಬಂದರು. ಅದರ ಕೆಳಗೆ ವರ್ನರ್ ಒಂದು ಸಾಲು ಹಾಕಿಸಿದ: ‘ನಿಮಗೆ ಬೇಕಾದ ಆಟ ರೇಡಿಯೋದಲ್ಲಿ ಬರುತ್ತಿದೆ. ಯಾರಿಗೂ ಬೇಡದ ಆಟವನ್ನು ನಾವು ನಿಲ್ಲಿಸಿದ್ದೇವೆ.’

ಫೋನು ನಿಂತಿತು. ಎಲ್ಲ ಒಟ್ಟಿಗೆ ನಿಂತದ್ದರಿಂದ ನನಗೆ ಭಯವೇ ಆಯಿತು. ಬಂದರಿಗೆ ಅದಿರಿನ ಹಡಗೊಂದು ನಿಧಾನವಾಗಿ ಬರುತ್ತಿತ್ತು. ಜನ ಅದನ್ನೇ ನೋಡುತ್ತ ಕೂತರಂತೆ, ತಂತಮ್ಮ ರೇಡಿಯೋ ಹಚ್ಚಿಕೊಂಡು. ಅಜ್ಜಿ ಕಪಾಟಿನಿಂದ ರೇಡಿಯೋ ತೆಗೆದಳು, ಗೆಲುವನ್ನು ಪೂರ್ತಿ ಕೇಳಿದಳು, ಮೂರು ಕಡುಬು ತಿಂದಳು. ಆಮೇಲೆ ಒಂದೇ ಒಂದು ಕರೆ ಬಂತು, ಹಡಗಿನ ಹೆಸರು ಕೇಳಿಕೊಂಡು.

ಸೋಮವಾರ ನೆಟ್‌ವರ್ಕಿನವರು ಮಾಲೀಕರಿಗೆ ಫೋನ್ ಮಾಡಿದರು. ಜಾಹೀರಾತೆಲ್ಲ ಹಿಮದಲ್ಲಿ ಹೂತುಹೋಗಿತ್ತಲ್ಲ. ಮಾಲೀಕ ಪ್ಯಾಸ್ಕೋ ಒಳ್ಳೆಯ ಮನುಷ್ಯ; ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. ವರ್ನರನನ್ನು ಕರೆದು, “ನೀನು ಮಾಡಿದ್ದು ಸರಿ ಕಣಯ್ಯ. ಅದಕ್ಕೇ ನಿನ್ನನ್ನ ತೆಗೀಬೇಕಾಗಿದೆ” ಎಂದರು. ವಸಂತದಲ್ಲಿ ನಿವೃತ್ತಿ ಎಂದು ಮಾತಾಯಿತು, ಕೇಕು ಕತ್ತರಿಸಿದ್ದೂ ಆಯಿತು. ಕೇಕಿನ ಅರ್ಧಕ್ಕೆ ಹಸಿರು, ಅರ್ಧಕ್ಕೆ ನೀಲಿ ಸಕ್ಕರೆ ಬಳಿದಿದ್ದರು. ವರ್ನರ್ ನಡುವಿನ ಗೆರೆಯ ಮೇಲೆ ಚಾಕು ಇಡಲೊಲ್ಲದೆ ನನ್ನ ಕೈಗೆ ಕೊಟ್ಟ.

ಮರುವರ್ಷ ಅವನು ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಡೆಟ್ರಾಯಿಟ್ಟಿಗೇ ಹೋದ, ಕ್ರೀಡಾಂಗಣದಲ್ಲೇ ಆಟ ತೋರಿಸಲು. ದಾರಿಯಲ್ಲಿ ಅಜ್ಜಿ ತಾನು ಸೀಟು ಹೊಲಿದ ಕಾರ್ಖಾನೆ ಇದ್ದ ಜಾಗ ತೋರಿಸಿದಳಂತೆ. ಈಗ ಅಲ್ಲಿ ಹುಲ್ಲು. ಮರಳಿದ ಮೇಲೆ ನಾನು ಹೇಗಿತ್ತೆಂದು ವಿಚಾರಿಸಿದೆ.

“ಏನ್ ಹೇಳ್ಲಿ ತಾಯಿ. ಮುಂದಿದ್ದೋರೆಲ್ಲ ಎದ್ದು ನಿಂತ್ಕೊಂಡ್ರು. ಆಡೋರು ಇರುವೆ ಥರ ಕಾಣ್ತಿದ್ರು. ಮನೇಲೇ ವಾಸಿ, ಮುಖನಾದ್ರೂ ದೊಡ್ಡದಾಗಿ ಕಾಣತ್ತೆ” ಎಂದಳು ಹಿಲ್ಯಾ ಅಜ್ಜಿ. ಆಮೇಲೆ ದನಿ ತಗ್ಗಿಸಿ, “ಅವನಿಗೆ ಹೇಳ್ಬೇಡ. ಪಾಪ, ಅಷ್ಟು ದೂರ ಓಡಿಸ್ಕೊಂಡು ಹೋದ” ಎಂದಳು. ವರ್ನರನನ್ನು ಅವಳು ಏಕವಚನದಲ್ಲಿ ಅಂದದ್ದನ್ನು ನಾನು ಅವನಿಗೆ ಹೇಳಿದೆ, ಉಳಿದದ್ದನ್ನು ಹೇಳಲಿಲ್ಲ.

ನಮ್ಮ ಸ್ಟೇಷನ್ ಈಗ ಟೆಕ್ಸಾಸಿನ ಕಂಪನಿಯೊಂದರ ಪಾಲಾಗಿದೆ. ಅಲ್ಲಿಯ ಕಂಪ್ಯೂಟರೊಂದು ನಮ್ಮೂರಿಗೆ ಆಟ ಆರಿಸುತ್ತದೆಯಂತೆ, ಅದಕ್ಕೆ ಮೀನಿನ ಭಯವೂ ಇಲ್ಲ. ಬೈಯಬೇಕೆಂದವರಿಗೆ ಒಂದು ನಂಬರಿದೆ. ಒತ್ತಿದರೆ ಸಂಗೀತ ಬರುತ್ತದೆ. ನನ್ನನ್ನೂ ಮನೆಗೆ ಕಳಿಸಿದ್ದಾರೆ. ಹಲ್ಲಿನ ಡಾಕ್ಟರು ಒಮ್ಮೆ ಅಂಗಡಿಯಲ್ಲಿ ಸಿಕ್ಕಾಗ, “ವರ್ನರ್ ಇದ್ದಾಗ್ಲೇ ಚೆನ್ನಾಗಿತ್ತು, ಬೈಯಕ್ಕೆ ಒಂದು ಮುಖ ಇತ್ತು” ಎಂದು ನಿಟ್ಟುಸಿರಿಟ್ಟ.

ಭಾನುವಾರ ಮಧ್ಯಾಹ್ನ ನಾನು ಹೌಟಲರ ಮನೆಗೆ ಹೋಗುತ್ತೇನೆ. ಒಳಗೆ ಅಜ್ಜಿ ಮತ್ತು ಸಿಲ್ವಿ ಟಿವಿಯ ಮುಂದೆ. ವರ್ನರ್ ಹಿಂದಿನ ಕೋಣೆಯಲ್ಲಿ ಅಕಾರ್ಡಿಯನ್ನಿಗೆ ತೇಪೆ ಹಾಕುತ್ತಿರುತ್ತಾನೆ. ನಾನು ಹೋಗಿ ಕೂತರೆ ಕತ್ತೆತ್ತಿ, “ಇವತ್ತು ಯಾರ ಆಟ?” ಎಂದು ಮರ್ಯಾದೆಗೆ ಕೇಳುತ್ತಾನೆ. ನಾನು ಉತ್ತರ ಹೇಳುವಷ್ಟರಲ್ಲಿ ಅವನ ಕಣ್ಣು ಮತ್ತೆ ತಿದಿಯ ತೂತಿನ ಮೇಲಿರುತ್ತದೆ.