ಹುಣಸೆ ನೀರು ಕುಡಿದ ಜೇಕು

ಚಿಕ್ಕವನಿದ್ದಾಗ ಮಾಗಡಿ ಕೆರೆಗೆ ಹಕ್ಕಿ ನೋಡಲು ಹೋಗಿದ್ದೆ. ಹಕ್ಕಿ ಬಿಟ್ಟು, ನೀರಂಚಿನ ಹುಲ್ಲಿನ ಕಡ್ಡಿಯೊಂದನ್ನು ಕಿತ್ತು ಬೆರಳುಗಳ ನಡುವೆ ಉರುಳಿಸಲು ನೋಡಿದೆ. ಉರುಳಲಿಲ್ಲ, ಅದಕ್ಕೆ ಮೂರು ಮೂಲೆ ಇತ್ತು. ಹೀಗೆಂದು ನನ್ನ ನೆನಪು. ಆದರೆ ಆ ಮೂರು ಮೂಲೆಯನ್ನು ನಾನು ಮೊದಲು ಕಂಡದ್ದು ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ, ಪಠ್ಯಪುಸ್ತಕದ ಚಿತ್ರದಲ್ಲಿ ಇದ್ದರೂ ಇರಬಹುದು. ಆಮೇಲೆ ಅದನ್ನು ಒಯ್ದು ಕೆರೆಯಂಚಿಗೆ ನಾನೇ ನೆಟ್ಟಿರಬಹುದು. ನನ್ನ ನೆನಪಿಗೆ ಅಂಥ ಕೈಚಳಕವಿದೆ.

ಹೋದ ಮಳೆಗಾಲದಲ್ಲಿ ಗೆಳೆಯನೊಬ್ಬ ಶಿರಸಿ ಕಡೆಯ ಜೌಗು ನೆಲದಿಂದ ಅಂಥದೇ ಮೂರು ಮೂಲೆಯ, ಜೇಕು ಎಂಬ ಹುಲ್ಲಿನ ಬುಡವೊಂದನ್ನು ತಂದುಕೊಟ್ಟ. ಅದಕ್ಕೆ ಸದಾ ತೇವ ಬೇಕು, ಮಣ್ಣು ಹುಳಿಯಾಗಿರಬೇಕು. ಬೆಟಗೇರಿಯ ನಮ್ಮ ಹಿತ್ತಲಲ್ಲಿ ಎರಡೂ ಇಲ್ಲ. ನಮ್ಮ ಬೋರಿನ ನೀರು ಕಾಯಿಸಿದರೆ ಪಾತ್ರೆಗೆ ಸುಣ್ಣ ಬಳಿದಂತೆ ಬಿಳಿ ಕಟ್ಟುತ್ತದೆ. ತೂತಿಲ್ಲದ ಪ್ಲಾಸ್ಟಿಕ್ ಟಬ್ಬಿಗೆ ಕೆಮ್ಮಣ್ಣು, ಕೊಳೆತ ಎಲೆ ತುಂಬಿದೆ. ಹಿಡಿದಿಟ್ಟ ಮಳೆನೀರು ಮುಗಿದ ಮೇಲೆ, ಬೋರಿನ ನೀರಿಗೆ ಹುಣಸೆಹಣ್ಣು ಕಿವುಚಿ ಹಾಕತೊಡಗಿದೆ. ಲಿಟ್ಮಸ್ ಕಾಗದ ಅದ್ದಿದರೆ ಕೆಂಪಾಯಿತು. ಹುಣಸೆಹಣ್ಣಿನ ಡಬ್ಬಿ ತೆಗೆದು ನೋಡಿದ ಹೆಂಡತಿಯ ಮುಖವೂ.

ಗೊಂದಲ ಶುರುವಾದದ್ದು ಯಳವತ್ತಿಯಿಂದ ಅತ್ತೆ ಬಂದ ಮೇಲೆ. ಎರೆಹೊಲದಲ್ಲಿ ಕಳೆಯಾಗಿ ಹಬ್ಬುವ ಜೇಕು ಕಿತ್ತು ಕಿತ್ತು ಬೆನ್ನು ಬಾಗಿಸಿಕೊಂಡವರು ಅವರು. ಟಬ್ಬು ನೋಡಿ ಎದೆ ಮೇಲೆ ಕೈ ಇಟ್ಟುಕೊಂಡರು.

“ಇದು ಹೊಲದ ಜೇಕಲ್ರಿ, ಅದರ ದಾಯಾದಿ” ಎಂದೆ.

“ದಾಯಾದ್ಯಾ? ಮುಗೀತು ಬಿಡ್ರಿ, ಅದು ಇನ್ನೂ ಕೆಟ್ಟದ್ದು.”

ಅವರ ಗಾಬರಿಗೆ ಕಾರಣವಿತ್ತು. ಮಗಳು ತಾನೇ ಮೆಚ್ಚಿದ ಹುಡುಗನ ತಂದೆ ರವಿವಾರ ಮನೆಗೆ ಬರುವವರಿದ್ದರು. ಮುಂಡರಗಿ ಕಡೆಯ ರೈತರು. ಓದಿದವರ ಮನೆಯ ಹೆಣ್ಣು ನಮಗೆ ಹೊಂದುತ್ತದೋ ಇಲ್ಲವೋ ಎಂದು ಮೊದಲೇ ಅನುಮಾನಪಟ್ಟಿದ್ದರು. ಮನೆಮಂದಿಯನ್ನು ಕಣ್ಣಾರೆ ನೋಡದೆ ಒಪ್ಪುವುದಿಲ್ಲ ಎಂದಿದ್ದರು.

“ಜೇಕಿಗೆ ಹುಣಸಿಹುಳಿ ಕುಡಸೋ ಮನಿಯಿಂದ ಯಾರರೆ ಹೆಣ್ಣ ತರ್ತಾರೇನ್ರಿ ಅಳಿಯಾರ?” ಎಂದರು ಅತ್ತೆ.

ಮಗಳು ಮೆಲ್ಲಗೆ, “ಅಪ್ಪಾ, ಅವರ ಮುಂದ ಲಿಟ್ಮಸ್ ತಗೀಬ್ಯಾಡ. ಒಂದ ದಿನ ಎಲ್ಲಾರ ಅಪ್ಪನಂಗ ಇರು” ಎಂದಳು.

ಕಿತ್ತೇ ಬಿಡಬೇಕೆಂಬುದು ಅತ್ತೆಯ ಹಟ, ಬಿಡುವುದಿಲ್ಲ ಎಂಬುದು ನನ್ನದು. ಕೊನೆಗೆ ಟಬ್ಬಿನ ಮೇಲೆ ದೊಡ್ಡ ಬಿದಿರಿನ ಬುಟ್ಟಿ ಬೋರಲು ಹಾಕುವುದೆಂದು ರಾಜಿಯಾಯಿತು.

ರವಿವಾರ ಹುಡುಗನ ತಂದೆ ಬಂದರು. ತಂಬಿಗೆ ನೀರು ಕೊಟ್ಟೆವು. ಕಾಲು ತೊಳೆಯಲು ಹಿತ್ತಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ನನ್ನ ಜೇಕು ಇತ್ತು. ಬೇರಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು.

“ಬುಟ್ಟಿ ಸಂದ್ಯಾಗ ಜೇಕು ತಲಿ ಹಾಕಿತ್ರಿ ಸರ. ಬುಡಸಮೇತ ತಗದೇನಿ, ಚಿಂತಿ ಬಿಡ್ರಿ.”

ದಾರಿಯಲ್ಲಿ ಹೋಗುವಾಗ ಬೇರೆಯವರ ಬದುವಿನಲ್ಲಿ ಜೇಕು ಕಂಡರೂ ಬಗ್ಗಿ ಕಿತ್ತೇ ಮುಂದೆ ಹೋಗುವ ಜನ. ಅವರ ಪ್ರಕಾರ ಅದು ಹೊಲದವರಿಗೆ ತೋರುವ ದೊಡ್ಡ ಮರ್ಯಾದೆ.

“ಉಪಕಾರ ಆತ್ರಿ! ತಾನ ಹುಟ್ಟಿತ್ತು ನೋಡ್ರಿ ಅದು” ಎಂದರು ಅತ್ತೆ ಜಲ್ದಿ.

ಅವಲಕ್ಕಿ ತಟ್ಟೆ ಹಿಡಿದು ನಿಂತಿದ್ದ ಮಗಳು, “ತಾನ ಹುಟ್ಟಿಲ್ಲ ಆಯಿ. ಅಪ್ಪ ಬೆಳಸ್ಯಾರ್ರಿ, ಹುಣಸಿಹಣ್ಣಿನ ನೀರು ಹಾಕಿ” ಎಂದುಬಿಟ್ಟಳು. ಯಾಕೆ ಹೇಳಿದೆ ಎಂದು ಆಮೇಲೆ ಕೇಳಿದಾಗ, “ಆ ಮನಿಗೆ ಹೋದ ಮ್ಯಾಲ ನಿನ್ನ ಮ್ಯಾಲ ದಿನಾ ಬುಟ್ಟಿ ಮುಚ್ಚಲೇನು?” ಎಂದಳು.

ಅತ್ತೆ ಕಣ್ಣು ಮುಚ್ಚಿಕೊಂಡರು. ಹುಡುಗನ ತಂದೆ ಜೇಕನ್ನು ತಿರುವಿ ಮುರುವಿ ನೋಡಿದರು.

“ಬೆಳಸಿದ್ರ ಇಷ್ಟ್ಯಾಕ ಸೊರಗೇತ್ರಿ?”

“ಅದನ್ನ ನಾನೂ ನೋಡಾಕ ಹತ್ತೇನ್ರಿ” ಎಂದೆ.

“ಉಪಚಾರ ಭಾಳ ಆಗೇತಿ. ನಾವು ಬೈತೀವಿ, ಕಡೀತೀವಿ, ಅದಕ್ಕ ಮೊಣಕಾಲ ಮಟ ಬರ್ತೈತಿ. ನೀವೂ ಒಂದೀಟ ಬೈದ ನೋಡ್ರಿ, ಬೀಗ್ರ!” ಎಂದು ಹೊಟ್ಟೆ ಕುಣಿಸಿಕೊಂಡು ನಕ್ಕರು.

ಅಲ್ಲಿಯವರೆಗೆ ನಾನು ‘ಸರ’ ಆಗಿದ್ದೆ. ಬೀಗರು ಎಂದದ್ದು ಚಹಾ ಆದ ಮೇಲೆ ಎನ್ನುತ್ತಾಳೆ ಹೆಂಡತಿ. ಮಗಳ ಪ್ರಕಾರ ಅವರು ಏಳುವ ಹೊತ್ತಿಗೆ. ನನ್ನ ನೆನಪಿನ ಮೇಲೆ ಪಣ ಕಟ್ಟಲು ನಾನೂ ತಯಾರಿಲ್ಲ. ಆದರೆ ಮುಂದಿನದಕ್ಕೆ ಮೂವರದೂ ಒಪ್ಪಿಗೆಯಿದೆ.

ಕುಳಿತುಕೊಳ್ಳುವ ಮೊದಲು ಅವರು ಬಾಗಿಲಿಗೆ ಹೋಗಿ ಜೇಕನ್ನು ರಸ್ತೆಗೆ ಎಸೆದರು. ಅವರ ಊರಲ್ಲಿ ಕಿತ್ತ ಕಳೆಯನ್ನು, ಗಾಲಿಗೆ ಸಿಕ್ಕು ಸಾಯಲೆಂದು, ಬಂಡಿದಾರಿಗೆ ಎಸೆಯುವ ರೂಢಿ. ಕೈ ತೊಳೆದು, ಅವಲಕ್ಕಿ ಬಾಯಿಗೆ ಹಾಕಿಕೊಂಡು, “ಲಗ್ನ ಸುಗ್ಗಿ ಮುಗದ ಮ್ಯಾಲ ಇಟ್ಕೊಳ್ಳೂಣೇನ್ರಿ?” ಎಂದರು.

ಕಿಟಕಿಯಿಂದ ರಸ್ತೆ ಕಾಣುತ್ತಿತ್ತು. ಬೇರು ಇನ್ನೂ ಒದ್ದೆಯಿತ್ತು. ಓಡಿ ಹೋಗಿ ತಂದರೆ ಬದುಕೀತು. ಮೂಲೆ ತಿರುಗಿ ಟಂಟಂ ಆಟೊ ಒಂದು ಜನ ತುಂಬಿಕೊಂಡು ಬರುತ್ತಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು.

“ಆಗ್ಲಿ, ಇಟ್ಕೊಳ್ಳೂಣ್ರಿ” ಎಂದೆ.

ಟಂಟಂ ಹಾದುಹೋಯಿತು.